ಥೈರಾಯ್ಡ್ ಕೊರತೆ ಮತ್ತು ತೂಕ: ಮೊದಲು ಮಾತ್ರೆ, ಆಮೇಲೆ ತಟ್ಟೆ

ಪ್ರಶ್ನೆ: ನನಗೆ 38 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 72 ಕಿಲೊ. ಎರಡು ವರ್ಷಗಳ ಹಿಂದೆ ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಯಿತು. ಅಂದಿನಿಂದ 75 ಮೈಕ್ರೊಗ್ರಾಂ ಲಿವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಕಾಫಿಯ ಜೊತೆಗೇ ಮಾತ್ರೆ ನುಂಗಿಬಿಡುತ್ತೇನೆ. ಥೈರಾಯ್ಡ್‌ಗೆ ಆಗದು ಎಂದು ಓದಿ ಎಲೆಕೋಸು, ಹೂಕೋಸು, ಸೋಯಾ, ಗೋಧಿ, ಹಾಲು ಎಲ್ಲವನ್ನೂ ಬಿಟ್ಟಿದ್ದೇನೆ. ಹಾಲು ಬಿಟ್ಟಿದ್ದಕ್ಕೆ ತಿಂಡಿಯಾದ ಮೇಲೆ ಕ್ಯಾಲ್ಸಿಯಂ ಮಾತ್ರೆ, ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ದಿನಕ್ಕೆ 900 ಕ್ಯಾಲೊರಿಯ ಪಥ್ಯ ಮಾಡಿ ಮೂರು ಕಿಲೊ ಇಳಿಸಿದ್ದೆ. ನಿಲ್ಲಿಸಿದ ಮೇಲೆ ನಾಲ್ಕು ಕಿಲೊ ಏರಿತು. ಸದಾ ಸುಸ್ತು. ಕಳೆದ ತಿಂಗಳು ಟಿಎಸ್‌ಎಚ್ 7.2 ಬಂದಿದೆ. ಥೈರಾಯ್ಡ್ ಇದ್ದವರು ಆಹಾರದಿಂದ ತೂಕ ಇಳಿಸಲು ನಿಜವಾಗಿಯೂ ಸಾಧ್ಯವೇ? ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಂಡರೆ ಬೇಗ ಇಳಿಯುತ್ತದೆಯೇ?

ಉತ್ತರ: ಸಾಧ್ಯವಿದೆ. ಮೊದಲು ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಏಕೆಂದರೆ ‘ನಮ್ಮ ತೂಕ ಇಳಿಯುವುದೇ ಇಲ್ಲ’ ಎಂದು ನಂಬಿ ಕೈಚೆಲ್ಲಿ ಕುಳಿತವರು ಬಹಳ ಮಂದಿ. ಆದರೆ ನಿಮ್ಮ ಪತ್ರ ಓದಿದಾಗ ಕ್ರಮ ತಲೆಕೆಳಗಾಗಿರುವುದು ಕಾಣಿಸುತ್ತದೆ. ತಟ್ಟೆಯಿಂದ ಒಂದೊಂದೇ ಪದಾರ್ಥವನ್ನು ತೆಗೆಯುತ್ತ ಬಂದಿದ್ದೀರಿ. ಆದರೆ ಮಾತ್ರೆ ಮಾತ್ರ ದೇಹಕ್ಕೆ ಸರಿಯಾಗಿ ಸೇರುತ್ತಿಲ್ಲ. ಅದನ್ನು ಸರಿಪಡಿಸದೆ ಯಾವ ಪಥ್ಯ ಮಾಡಿದರೂ ಅರ್ಧ ಶ್ರಮ ವ್ಯರ್ಥ.

ಟಿಎಸ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ಆದೇಶ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಂತೆ ಈ ಆದೇಶ ಜೋರಾಗುತ್ತದೆ. ಹೆಚ್ಚಿನ ಪ್ರಯೋಗಾಲಯಗಳು ಸುಮಾರು 0.4ರಿಂದ 4ರವರೆಗಿನ ಅಂಕಿಯನ್ನು ಸಹಜ ಎನ್ನುತ್ತವೆ. ಎರಡು ವರ್ಷ ಮಾತ್ರೆ ನುಂಗಿದ ಮೇಲೂ ನಿಮ್ಮದು 7.2 ಇದೆ ಎಂದರೆ ದೇಹಕ್ಕೆ ಬೇಕಾದಷ್ಟು ಹಾರ್ಮೋನು ಸಿಗುತ್ತಿಲ್ಲ ಎಂದೇ ಅರ್ಥ. ಇದಕ್ಕೆ ಪ್ರಮಾಣ ಸಾಲದಿರುವುದು ಒಂದು ಕಾರಣವಿರಬಹುದು. ಆದರೆ ನೀವು ಹೇಳಿದ ದಿನಚರಿಯಲ್ಲೇ ಇನ್ನೂ ದೊಡ್ಡ ಕಾರಣಗಳಿವೆ.

ಲಿವೊಥೈರಾಕ್ಸಿನ್ ಎಂದರೆ ಮಾತ್ರೆಯ ರೂಪದ ಥೈರಾಯ್ಡ್ ಹಾರ್ಮೋನೇ, ಸಣ್ಣ ಕರುಳಿನಲ್ಲಿ ಹೀರಲ್ಪಡುವ ಔಷಧ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡರೂ ಅದು ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜೊತೆಗೆ ಕಾಫಿ ಇದ್ದರೆ ಆ ಪಾಲು ಮತ್ತೂ ಇಳಿಯುತ್ತದೆ. ಕ್ಯಾಲ್ಸಿಯಂ ಅಂತೂ ಕರುಳಿನಲ್ಲೇ ಔಷಧವನ್ನು ಹಿಡಿದುಕೊಂಡು ಮಲದ ಜೊತೆ ಸಾಗಹಾಕುತ್ತದೆ. ನಿಮ್ಮ ವಿಷಯದಲ್ಲಿ ಏನಾಗಿದೆ ನೋಡಿ: ಥೈರಾಯ್ಡ್‌ಗೆ ಕೆಟ್ಟದ್ದೆಂದು ಹಾಲು ಬಿಟ್ಟಿರಿ, ಹಾಲು ಬಿಟ್ಟದ್ದಕ್ಕೆ ಕ್ಯಾಲ್ಸಿಯಂ ಮಾತ್ರೆ ಬಂತು, ಆ ಕ್ಯಾಲ್ಸಿಯಂ ಈಗ ಥೈರಾಯ್ಡ್ ಮಾತ್ರೆಗೇ ಅಡ್ಡ ನಿಂತಿದೆ. ಯಾರೋ ಬರೆದ ‘ತಿನ್ನಬಾರದ ಪಟ್ಟಿ’ ಹೀಗೆ ಮನುಷ್ಯರನ್ನು ಸುತ್ತಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಾಳೆಯಿಂದ ಹೀಗೆ ಮಾಡಿ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ಮಾತ್ರೆ. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿಯೂ ಬೇಡ ತಿಂಡಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಅವೆರಡೂ ಸೇರಿರುವ ಮಲ್ಟಿವಿಟಮಿನ್, ಇವೆಲ್ಲಕ್ಕೂ ನಾಲ್ಕು ಗಂಟೆ ಅಂತರ ಬೇಕು. ಅಸಿಡಿಟಿಯ ಔಷಧಗಳೂ ಹೀರುವಿಕೆಗೆ ತೊಂದರೆ ಕೊಡುತ್ತವೆ. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಬೆಳಗಿನ ಗಡಿಬಿಡಿಯಲ್ಲಿ ಇದು ನಡೆಯುವುದಿಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಸರಿ, ಆದರೆ ದಿನವೂ ಅದೇ ಹೊತ್ತಿಗೆ, ಅದೇ ರೀತಿಯಲ್ಲಿ ತೆಗೆದುಕೊಳ್ಳಬೇಕು.

ಬಯೋಟಿನ್ ಬಗ್ಗೆಯೂ ಒಂದು ಮಾತು. ಅದು ಗ್ರಂಥಿಗೆ ತೊಂದರೆ ಮಾಡುವುದಿಲ್ಲ, ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ. ಕೂದಲು, ಉಗುರಿಗೆಂದು ಸಿಗುವ ಹೆಚ್ಚಿನ ಪ್ರಮಾಣದ ಬಯೋಟಿನ್ ಇದ್ದಾಗ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂದರೆ ನಿಮ್ಮ ನಿಜವಾದ ಅಂಕಿ 7.2ಕ್ಕಿಂತ ಹೆಚ್ಚೇ ಇದ್ದಿರಬಹುದು. ಮುಂದಿನ ರಕ್ತ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ.

ಈ ಬದಲಾವಣೆಗಳನ್ನು ನಿಮ್ಮ ವೈದ್ಯರಿಗೆ ಹೇಳದೆ ಇರಬೇಡಿ. ಅವರು 7.2 ಎಂಬ ಅಂಕಿಯನ್ನಷ್ಟೇ ನೋಡಿ ಪ್ರಮಾಣ ಹೆಚ್ಚಿಸಿ, ಅದೇ ವೇಳೆಗೆ ನೀವು ಕಾಫಿಯನ್ನೂ ಕ್ಯಾಲ್ಸಿಯಂ ಅನ್ನೂ ದೂರ ಇಟ್ಟರೆ ಹಾರ್ಮೋನು ಅಗತ್ಯಕ್ಕಿಂತ ಹೆಚ್ಚಾಗುತ್ತದೆ. ಪ್ರಮಾಣ ಅಥವಾ ಕ್ರಮ ಬದಲಾದ ಆರರಿಂದ ಎಂಟು ವಾರಗಳ ನಂತರ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಈ ಹಾರ್ಮೋನಿನ ಅರ್ಧದಷ್ಟು ದೇಹದಿಂದ ಕಳೆಯಲು ಸುಮಾರು ಒಂದು ವಾರ ಬೇಕು. ಹೊಸ ಮಟ್ಟ ರಕ್ತದಲ್ಲಿ ನೆಲೆಗೊಳ್ಳಲು ಇಷ್ಟು ಕಾಲ ಕಾಯಲೇಬೇಕು. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಇನ್ನು ತೂಕ. ಥೈರಾಯ್ಡ್ ಕೊರತೆಯಿಂದಲೇ ಏರುವ ತೂಕ ಜನ ಅಂದುಕೊಂಡಷ್ಟಿಲ್ಲ. ಸಾಮಾನ್ಯವಾಗಿ ಅದು ಎರಡರಿಂದ ನಾಲ್ಕೈದು ಕಿಲೊ, ಅದರಲ್ಲೂ ಬಹುಪಾಲು ಕೊಬ್ಬಲ್ಲ, ಉಪ್ಪು ಮತ್ತು ನೀರು. ಹಾರ್ಮೋನು ಕಡಿಮೆಯಾದಾಗ ಚರ್ಮದಡಿ ನೀರನ್ನು ಹೀರಿಟ್ಟುಕೊಳ್ಳುವ ಲೋಳೆಯಂಥ ವಸ್ತು ಸೇರಿಕೊಳ್ಳುತ್ತದೆ. ಬೆಳಿಗ್ಗೆ ರೆಪ್ಪೆಗಳು ದಪ್ಪವಾಗುವುದು, ಮುಖ ಊದಿಕೊಳ್ಳುವುದು, ಉಂಗುರ ಬಿಗಿಯಾಗುವುದು ಇದರಿಂದಲೇ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ತೀವ್ರ ಥೈರಾಯ್ಡ್ ಕೊರತೆಯಿಂದ ಬಳಲುತ್ತಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು. ಅವರ ಊತ ಇಳಿಯಿತು, ಮಾತು ಚುರುಕಾಯಿತು. ಆಮೇಲೆ ಇಪ್ಪತ್ತೆಂಟು ವರ್ಷ ಬಾಳಿದರು. ಅಷ್ಟು ದೊಡ್ಡ ಪವಾಡ ಮಾಡಬಲ್ಲ ಔಷಧ ಇದು. ಆದರೆ ಅದು ಇಳಿಸುವುದು ಮುಖ್ಯವಾಗಿ ಆ ಊತವನ್ನು. ಚಿಕಿತ್ಸೆ ಆರಂಭಿಸಿದವರ ದೇಹವನ್ನು ಅಳೆದು ನೋಡಿದ ಅಧ್ಯಯನದಲ್ಲೂ ಕಳೆದುಹೋದ ತೂಕ ಹೆಚ್ಚಾಗಿ ನೀರಿನದೇ ಆಗಿತ್ತು, ಕೊಬ್ಬು ಬಹುತೇಕ ಇದ್ದಂತೆಯೇ ಇತ್ತು.

ಹಾಗಾಗಿ ನಿಮ್ಮ ಟಿಎಸ್‌ಎಚ್ ಸರಿಯಾದ ಮೇಲೆ ಎರಡು ಮೂರು ಕಿಲೊ ತಾನಾಗಿ ಇಳಿಯಬಹುದು, ಇಳಿಯದೆಯೂ ಇರಬಹುದು. ಉಳಿದ ತೂಕಕ್ಕೆ ಗ್ರಂಥಿಯನ್ನು ಹೊಣೆ ಮಾಡಲಾಗದು. ನಿಮ್ಮನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಕಾಯಿಲೆ ಗೊತ್ತಾಗುವ ಮೊದಲಿನ ತಿಂಗಳುಗಳ ಸುಸ್ತಿನಲ್ಲಿ ನಡಿಗೆ ಕಡಿಮೆಯಾಗಿರುತ್ತದೆ, ಮೆಟ್ಟಿಲು ಹತ್ತುವುದು ತಪ್ಪಿರುತ್ತದೆ, ಮೈಕೈ ನೋವಿನಲ್ಲಿ ಕುಳಿತಲ್ಲೇ ಕುಳಿತಿರುತ್ತೇವೆ. ಸುಸ್ತು ಕಳೆಯಲೆಂದು ಸಿಹಿಯತ್ತ ಕೈ ಹೋಗುತ್ತದೆ. ಮಾತ್ರೆ ಹಾರ್ಮೋನನ್ನು ಮರಳಿ ಕೊಡುತ್ತದೆ, ಆ ಅಭ್ಯಾಸಗಳನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ: ಮಾತ್ರೆ ಸರಿಹೊಂದಿದ ಮೇಲೆ ನಿಮ್ಮ ದೇಹ ಆಹಾರದ ಬದಲಾವಣೆಗೆ ಉಳಿದವರ ದೇಹದ ಹಾಗೆಯೇ ಸ್ಪಂದಿಸುತ್ತದೆ.

ಪ್ರಮಾಣ ಹೆಚ್ಚಿಸಿಕೊಂಡು ತೂಕ ಇಳಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಅಗತ್ಯಕ್ಕಿಂತ ಹೆಚ್ಚಿನ ಹಾರ್ಮೋನು ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ, ಮೂಳೆಯನ್ನು ಸವೆಸುತ್ತದೆ, ಎದೆಬಡಿತದ ಲಯ ತಪ್ಪಿಸುತ್ತದೆ. ಹಸಿವು ಹೆಚ್ಚಾಗಿ ತಿನ್ನುವುದೂ ಹೆಚ್ಚುತ್ತದೆ. ಅಮೆರಿಕದಲ್ಲಿ ಈ ಔಷಧದ ವಿವರಪತ್ರದ ಮೇಲ್ಭಾಗದಲ್ಲೇ, ಬೊಜ್ಜು ಅಥವಾ ತೂಕ ಇಳಿಸಲು ಬಳಸಬಾರದೆಂದು ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯ.

ನಿಮ್ಮ 900 ಕ್ಯಾಲೊರಿಯ ಪಥ್ಯಕ್ಕೆ ಬರೋಣ. ವಯಸ್ಸು, ಎತ್ತರ, ತೂಕಗಳಿಂದ ಲೆಕ್ಕ ಹಾಕಿದರೆ, ನೀವು ದಿನವಿಡೀ ಹಾಸಿಗೆಯಲ್ಲೇ ಮಲಗಿದ್ದರೂ ಉಸಿರಾಟ, ಹೃದಯ, ಮೆದುಳು, ದೇಹದ ಬಿಸಿ ಇಷ್ಟಕ್ಕೇ ಸುಮಾರು 1350 ಕ್ಯಾಲೊರಿ ಬೇಕು. ಸಾಧಾರಣ ಓಡಾಟ ಸೇರಿದರೆ 1900ರ ಆಸುಪಾಸು. 900 ಎಂದರೆ ಮಲಗಿದ ದೇಹಕ್ಕೂ ಸಾಲದ ಆಹಾರ. ಇಷ್ಟು ಕಡಿಮೆ ಸಿಕ್ಕಾಗ ದೇಹ ಬರಗಾಲ ಬಂತೆಂದು ತಿಳಿದು ಖರ್ಚು ಕಡಿತ ಮಾಡುತ್ತದೆ. ಥೈರಾಕ್ಸಿನ್, ಅಂದರೆ ಟಿ4, ಅಂಗಾಂಶಗಳಲ್ಲಿ ಟಿ3 ಎಂಬ ಚುರುಕಾದ ರೂಪಕ್ಕೆ ಬದಲಾಗಿ ಕೆಲಸ ಮಾಡಬೇಕು. ಉಪವಾಸದಲ್ಲಿ ಈ ಬದಲಾವಣೆ ತಗ್ಗಿ ಟಿ3 ಇಳಿಯುತ್ತದೆ. ಆರೋಗ್ಯವಂತ ಗ್ರಂಥಿ ಇದ್ದವರಲ್ಲೂ ಹೀಗೇ ಆಗುತ್ತದೆ. ಮೊದಲೇ ಹಾರ್ಮೋನು ಸಾಲದ ನೀವು ಅದರ ಮೇಲೆ ಇನ್ನೊಂದು ಕೊರತೆ ಹೇರಿಕೊಂಡಿರಿ. ಸ್ನಾಯು ಕರಗುತ್ತದೆ, ಹಸಿವು ಕೆರಳುತ್ತದೆ, ಪಥ್ಯ ಬಿಟ್ಟ ಕೂಡಲೇ ತೂಕ ಮರಳುತ್ತದೆ. ಕೂದಲಿನ ವಿಷಯವೂ ಇಲ್ಲೇ ಬರುತ್ತದೆ. ಕಠಿಣ ಪಥ್ಯ ಮಾಡಿದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದು ಸಾಮಾನ್ಯ. ನಿಮ್ಮ ಕೂದಲಿಗೆ ಬಯೋಟಿನ್‌ಗಿಂತ ಹೆಚ್ಚು ಬೇಕಾಗಿರುವುದು ಸರಿಯಾದ ಹಾರ್ಮೋನು, ಸಾಕಷ್ಟು ಪ್ರೋಟೀನ್ ಮತ್ತು ಕಬ್ಬಿಣಾಂಶ.

ದಿನಕ್ಕೆ 1500 ಕ್ಯಾಲೊರಿಯ ಹತ್ತಿರ ಇರಿ. ಸುಮಾರು 400ರ ಕೊರತೆ ಉಳಿಯುತ್ತದೆ. ಒಂದು ಕಿಲೊ ಕೊಬ್ಬಿನಲ್ಲಿ ಅಂದಾಜು 7700 ಕ್ಯಾಲೊರಿ ಇರುವುದರಿಂದ ವಾರಕ್ಕೆ 300–350 ಗ್ರಾಂ ಇಳಿಯಬಹುದು. ದಿನ ಕಳೆದಂತೆ ವೇಗ ಇನ್ನಷ್ಟು ತಗ್ಗುತ್ತದೆ. ನಿಮಗೆ ನಿರಾಸೆಯಾಗಬಹುದು, ಆದರೆ ನನ್ನ ಮಟ್ಟಿಗೆ ಇದೇ ಉತ್ತಮ ವೇಗ. ನಿಮ್ಮ ತೂಕದ ಶೇಕಡಾ 5, ಅಂದರೆ ಮೂರೂವರೆ ಕಿಲೊ ಚಿಲ್ಲರೆ ಇಳಿದು ನಿಂತರೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳಲ್ಲಿ ಸುಧಾರಣೆ ಶುರುವಾಗುತ್ತದೆ.

ತಟ್ಟೆಯಲ್ಲಿ ಮೊದಲ ಸ್ಥಾನ ಪ್ರೋಟೀನ್‌ಗೆ. ತೂಕ ಇಳಿಸುವಾಗ ದೇಹದ ತೂಕದ ಪ್ರತಿ ಕಿಲೊಗೆ 1ರಿಂದ 1.2 ಗ್ರಾಂ, ನಿಮಗಾದರೆ ದಿನಕ್ಕೆ 72ರಿಂದ 86 ಗ್ರಾಂ ಸಿಗುವಂತೆ ನೋಡಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಮಾತು ಅನ್ವಯಿಸದು, ಅವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಪ್ರೋಟೀನ್ ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ, ಸ್ನಾಯುವನ್ನು ಕಾಯುತ್ತದೆ, ಜೀರ್ಣವಾಗಲು ತಾನೇ ಒಂದಿಷ್ಟು ಕ್ಯಾಲೊರಿ ಖರ್ಚು ಮಾಡಿಸುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಬೆಂದ ಬೇಳೆ ಅಥವಾ ಕಾಳು 100 ಗ್ರಾಂ ತಿಂದರೆ 7–9 ಗ್ರಾಂ. ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರಿನಲ್ಲಿ 7–8 ಗ್ರಾಂ. ಬೇಯಿಸಿದ ಮೀನು, ಕೋಳಿಮಾಂಸ 100 ಗ್ರಾಂಗೆ 20ಕ್ಕಿಂತ ಹೆಚ್ಚು. ಲೆಕ್ಕ ಹಾಕಿ ನೋಡಿದರೆ, ಹಾಲು, ಸೋಯಾ ಎರಡನ್ನೂ ಬಿಟ್ಟವರು, ಅದರಲ್ಲೂ ಸಸ್ಯಾಹಾರಿಗಳು, ಈ ಮಟ್ಟ ಮುಟ್ಟುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಇಡೀ ದಿನದ ಪ್ರೋಟೀನನ್ನು ರಾತ್ರಿ ಊಟಕ್ಕೆ ತುಂಬದೆ ಬೆಳಗಿನ ತಿಂಡಿಯಿಂದಲೇ ಹಂಚಿ. ಬರೀ ಹಿಟ್ಟಿನ ಪದಾರ್ಥದಿಂದ ದಿನ ಆರಂಭಿಸಿದವರಿಗೆ ಹನ್ನೊಂದು ಗಂಟೆಗೇ ಹಸಿವಾಗುವುದು ಆಶ್ಚರ್ಯವಲ್ಲ.

ಇದರ ಪಕ್ಕದಲ್ಲಿ ತರಕಾರಿ, ಸೊಪ್ಪು ಧಾರಾಳವಾಗಿರಲಿ. ಧಾನ್ಯವನ್ನು ಬಿಡಬೇಕಿಲ್ಲ, ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರೆ ಸಾಕು. ಆದಷ್ಟು ಹೊಟ್ಟು ತೆಗೆಯದ ಧಾನ್ಯ ಇರಲಿ. ಥೈರಾಯ್ಡ್ ಕೊರತೆಯಲ್ಲಿ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಾಡುತ್ತದೆ, ಹೊಟ್ಟೆ ಉಬ್ಬರಿಸಿ ತೂಕ ಇರುವುದಕ್ಕಿಂತ ಹೆಚ್ಚೆನಿಸುತ್ತದೆ. ದಿನಕ್ಕೆ 25–30 ಗ್ರಾಂ ನಾರಿನಂಶ ಇದಕ್ಕೆ ಒಳ್ಳೆಯ ಮದ್ದು. ಆದರೆ ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸ್ ತುಂಬಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ನಿಧಾನವಾಗಿ, ನೀರನ್ನೂ ಹೆಚ್ಚಿಸುತ್ತ ಏರಿಸಿ. ನಾರಿನ ಪುಡಿಯನ್ನು ಥೈರಾಯ್ಡ್ ಮಾತ್ರೆಯ ಹೊತ್ತಿಗೆ ತೆಗೆದುಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚು ಕಣ್ಣು ತಪ್ಪಿಸುವುದು ಎಣ್ಣೆ. ಊಟದ ದೊಡ್ಡ ಚಮಚ ತುಂಬ, ಅಂದರೆ 15 ಮಿಲಿಲೀಟರ್ ಎಣ್ಣೆಗೆ ಹತ್ತಿರಹತ್ತಿರ 120 ಕ್ಯಾಲೊರಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಕೈಗೆ ಎರಡು ಚಮಚ ಹೆಚ್ಚಾದದ್ದು ತಿಳಿಯುವುದೇ ಇಲ್ಲ. ಒಂದು ವಾರ ಎಣ್ಣೆಯನ್ನು ಅಳೆದು ಹಾಕಿ ನೋಡಿ. ನೀವು ತಟ್ಟೆಯಿಂದ ಹೊರಗಿಟ್ಟ ಎಲೆಕೋಸು ಇದೆಯಲ್ಲ, ಅದರ 100 ಗ್ರಾಂನಲ್ಲಿ ಇರುವುದು ಕೇವಲ 25 ಕ್ಯಾಲೊರಿ. ಸಿಹಿ ಪಾನೀಯ, ಹಣ್ಣಿನ ರಸಗಳೂ ಹೀಗೆಯೇ: ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತವೆ, ಹಸಿವನ್ನು ತಣಿಸುವುದಿಲ್ಲ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಎಲೆಕೋಸಿನ ಮಾತು ಬಂತು, ಅದನ್ನು ಮುಗಿಸಿಬಿಡೋಣ. ಎಲೆಕೋಸು, ಹೂಕೋಸು ಮುಂತಾದವುಗಳಲ್ಲಿ ಗ್ರಂಥಿಯು ಅಯೋಡಿನ್ ಬಳಸುವುದಕ್ಕೆ ಅಡ್ಡಿಪಡಿಸುವ ಅಂಶಗಳಿರುವುದು ನಿಜ. ಬೇಯಿಸಿದರೆ ಅವು ಬಹುಮಟ್ಟಿಗೆ ಕಡಿಮೆಯಾಗುತ್ತವೆ. 2010ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ 88 ವರ್ಷದ ಮಹಿಳೆಯೊಬ್ಬರ ವಿಷಯ ವರದಿಯಾಗಿತ್ತು. ಅವರು ಕೋಸಿನ ಜಾತಿಯ ಸೊಪ್ಪನ್ನು ಹಸಿಯಾಗಿ, ದಿನಕ್ಕೆ ಒಂದರಿಂದ ಒಂದೂವರೆ ಕಿಲೊ, ತಿಂಗಳುಗಟ್ಟಲೆ ತಿಂದು ತೀವ್ರ ಥೈರಾಯ್ಡ್ ಕೊರತೆಯಿಂದ ಪ್ರಜ್ಞೆ ತಪ್ಪುವ ಸ್ಥಿತಿ ತಲುಪಿದ್ದರು. ತೊಂದರೆಯಾಗಲು ಅಷ್ಟು ತಿನ್ನಬೇಕು. ಅಯೋಡಿನ್ ಕೊರತೆ ಇಲ್ಲದವರು ಬೇಯಿಸಿದ ಕೋಸನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅದರಲ್ಲೂ ಹಾರ್ಮೋನನ್ನು ಮಾತ್ರೆಯಿಂದಲೇ ಪಡೆಯುವವರಿಗೆ ಗ್ರಂಥಿಯ ಅಡ್ಡಿಯ ಚಿಂತೆ ಇನ್ನೂ ಕಡಿಮೆ.

ಸೋಯಾ ಮಾತ್ರೆಯ ಹೀರುವಿಕೆಯನ್ನು ತಗ್ಗಿಸಬಹುದು, ಆದ್ದರಿಂದ ಮಾತ್ರೆಯಿಂದ ದೂರ, ಮಧ್ಯಾಹ್ನವೋ ರಾತ್ರಿಯೋ ತಿನ್ನಿ. ಹಾಲು ಕುಡಿದರೆ ಹೊಟ್ಟೆ ಕೆಡುವವರನ್ನು ಬಿಟ್ಟು ಉಳಿದವರು ಹಾಲು ಬಿಡಲು ಕಾರಣವೇ ಇಲ್ಲ. ಅದಕ್ಕೂ ಮಾತ್ರೆಗೂ ಅಂತರವಿದ್ದರಾಯಿತು. ಹಾಲು, ಮೊಸರು ಮರಳಿ ಬಂದರೆ ಕ್ಯಾಲ್ಸಿಯಂ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಗೋಧಿಯದು ಸ್ವಲ್ಪ ಬೇರೆ. ನಿಮ್ಮ ಥೈರಾಯ್ಡ್ ಕೊರತೆ ಹಶಿಮೊಟೊ ಎಂಬ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವ ಸ್ವಯಂನಿರೋಧಕ ಕಾಯಿಲೆಯದಾಗಿದ್ದರೆ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಸಹಿಸದ ಸೀಲಿಯಾಕ್ ಕಾಯಿಲೆ ಜೊತೆಗಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ವಾಸಿಯಾಗದ ರಕ್ತಹೀನತೆ ಇದ್ದರೆ ಅದಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಆದರೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಿದರೆ ಮಾತ್ರ ಆ ಪರೀಕ್ಷೆ ನಂಬಲರ್ಹ. ಸೀಲಿಯಾಕ್ ಇಲ್ಲದವರು ಗೋಧಿ ಬಿಟ್ಟರೆ ಗ್ರಂಥಿಗೆ ಲಾಭವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಅಯೋಡಿನ್ ದಿನಕ್ಕೆ 150 ಮೈಕ್ರೊಗ್ರಾಂ ಸಾಕು. ಅಯೋಡಿನ್ ಬೆರೆತ ಉಪ್ಪು ಬಳಸುವವರಿಗೆ ಬೇರೆ ಪೂರಕ ಬೇಡ. ‘ಥೈರಾಯ್ಡ್‌ಗೆ ಬಲ’ ಎಂದು ಮಾರುವ ಕಡಲಪಾಚಿಯ ಗುಳಿಗೆಗಳಿಂದ ದೂರವಿರಿ, ಅಯೋಡಿನ್ ಮಿತಿಮೀರಿದರೆ ಹಶಿಮೊಟೊ ಇದ್ದವರ ಗ್ರಂಥಿ ಇನ್ನಷ್ಟು ಕುಗ್ಗಬಹುದು. ಸೆಲೆನಿಯಮ್ ಪೂರಕದಿಂದ ತೂಕ ಇಳಿಯುವುದಿಲ್ಲ.

ದಿನದಲ್ಲಿ ಎಂಟು ಗಂಟೆಯೊಳಗೆ ಮಾತ್ರ ತಿನ್ನುವ ಕ್ರಮ, ಪಿಷ್ಟ ಕಡಿಮೆ ಮಾಡುವ ಕ್ರಮ, ಇವುಗಳ ಬಗ್ಗೆ ಕೇಳುವವರಿದ್ದಾರೆ. ಒಟ್ಟು ಕ್ಯಾಲೊರಿ ಇಳಿದರೆ ಅವೂ ಕೆಲಸ ಮಾಡುತ್ತವೆ, ಇಳಿಯದಿದ್ದರೆ ಇಲ್ಲ. ವರ್ಷಗಟ್ಟಲೆ ಯಾವುದನ್ನು ನಡೆಸಿಕೊಂಡು ಹೋಗಬಲ್ಲಿರೋ ಅದೇ ನಿಮಗೆ ಸರಿ.

ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಸೇರಿಸಿ. ಟಿಎಸ್‌ಎಚ್ ಇನ್ನೂ ಹೆಚ್ಚಿರುವಾಗ ಸ್ನಾಯು ಬೇಗ ದಣಿಯುತ್ತದೆ, ನೋಯುತ್ತದೆ. ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ ಮಾತ್ರೆ ಸರಿಹೊಂದಿದಂತೆ ಏರಿಸುತ್ತ ಹೋಗಿ. ತೂಕವನ್ನು ದಿನದಿನ ನೋಡಿ ಕೊರಗಬೇಡಿ. ಉಪ್ಪಿನ ಊಟ, ಮುಟ್ಟಿನ ಮುಂಚಿನ ದಿನಗಳು, ಮಲಬದ್ಧತೆ ಇವಿಷ್ಟೇ ಒಂದೆರಡು ಕಿಲೊ ಏರಿಳಿಸಬಲ್ಲವು. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ತೂಗಿ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಡಿ.

ಟಿಎಸ್‌ಎಚ್ ಸಹಜಕ್ಕೆ ಬಂದು ಮೂರು ತಿಂಗಳು ಹೀಗೆ ತಿಂದರೂ ತೂಕ, ಸುತ್ತಳತೆ ಎರಡೂ ಅಲುಗದಿದ್ದರೆ, ಅಥವಾ ಸುಸ್ತು ಹೋಗದಿದ್ದರೆ, ಹುಡುಕಬೇಕಾದ ಕಾರಣಗಳು ಬೇರೆ. ರಕ್ತಹೀನತೆ, ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್, ಬಿ12, ರಕ್ತದ ಸಕ್ಕರೆ ನೋಡಿಸಿ. ಥೈರಾಯ್ಡ್ ಕೊರತೆಯಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಿ ಕಬ್ಬಿಣಾಂಶ ಇಳಿದಿರುವುದು ತುಂಬ ಸಾಮಾನ್ಯ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಮುಟ್ಟಿನ ಏರುಪೇರು, ಮನಸ್ಸಿನ ಖಿನ್ನತೆ, ಸ್ಟೀರಾಯ್ಡ್‌ನಂಥ ಔಷಧಗಳ ಬಳಕೆ, ಇವನ್ನು ವೈದ್ಯರೆದುರು ತಾವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ. ಹಸಿವು ತಗ್ಗಿಸುವ ಹೊಸ ಚುಚ್ಚುಮದ್ದುಗಳನ್ನು ಯಾರಾದರೂ ಸೂಚಿಸಿದರೆ ಥೈರಾಯ್ಡ್ ಮಾತ್ರೆಯ ವಿಷಯ ತಿಳಿಸಿ. ಅವು ಹೊಟ್ಟೆ ಖಾಲಿಯಾಗುವ ವೇಗವನ್ನು ಬದಲಿಸುತ್ತವೆ, ತೂಕ ಬಹಳ ಇಳಿದಾಗ ಲಿವೊಥೈರಾಕ್ಸಿನ್ ಪ್ರಮಾಣವನ್ನೂ ತಗ್ಗಿಸಬೇಕಾಗಬಹುದು.

ಕೊನೆಯದಾಗಿ, ನಿಮ್ಮ ವಯಸ್ಸು ನೋಡಿ ಹೇಳುತ್ತಿದ್ದೇನೆ: ಗರ್ಭ ಧರಿಸುವ ಯೋಚನೆ ಇದ್ದರೆ ಅದಕ್ಕೆ ಮೊದಲೇ ಟಿಎಸ್‌ಎಚ್ ಸರಿಪಡಿಸಿಕೊಳ್ಳಿ. ಮುಟ್ಟು ತಪ್ಪಿ ಗರ್ಭ ಖಚಿತವಾದ ದಿನವೇ ಈ ಕ್ಯಾಲೊರಿ ಕಡಿತವನ್ನೆಲ್ಲ ನಿಲ್ಲಿಸಿ ವೈದ್ಯರನ್ನು ಕಾಣಿ. ಹಾರ್ಮೋನಿನ ಅಗತ್ಯ ಮೊದಲ ವಾರಗಳಲ್ಲೇ ಶೇಕಡಾ 25–30ರಷ್ಟು ಏರುತ್ತದೆ, ಆಗ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲು ಮುಂದಿನ ತಿಂಗಳ ಪರೀಕ್ಷೆಯವರೆಗೆ ಕಾಯುವಂತಿಲ್ಲ.